ಗುಲಾಬಿ ಬಣ್ಣದ ಹೂವೆಲ್ಲ ಚೆರ್ರಿಯಲ್ಲ

ಮಾನ್ಯರೇ,

ಚಳಿಗಾಲದಲ್ಲಿ ಬೆಂಗಳೂರಿನ ರಸ್ತೆಬದಿಯ ಗುಲಾಬಿ ಬಣ್ಣದ ಹೂಮರಗಳ ಚಿತ್ರಗಳು ‘ಚೆರ್ರಿ ಹೂ’ ಎಂಬ ಹೆಸರಿನಲ್ಲಿ ಹರಿದಾಡುತ್ತವೆ. ಅವು ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಟಬೆಬುಯಾ ರೋಸಿಯಾ. ಈ ಕಾಲದಲ್ಲಿ ಅರಳುವ ನಿಜವಾದ ಚೆರ್ರಿ ನೋಡಲು ನವೆಂಬರ್‌ನಲ್ಲಿ ಶಿಲ್ಲಾಂಗ್‌ಗೆ ಹೋಗಬೇಕು. ಅಲ್ಲಿನದು ಹಿಮಾಲಯದ ಕಾಡು ಚೆರ್ರಿ, ಪ್ರೂನಸ್ ಸೆರಸಾಯ್ಡಿಸ್.

ಉದುರಿದ ಹೂವನ್ನು ಎತ್ತಿ ನೋಡಿದರೆ ಸಾಕು. ಚೆರ್ರಿಗೆ ಐದು ಬಿಡಿ ದಳ, ನಡುವೆ ಹಲವು ಕೇಸರ. ಟಬೆಬುಯಾದ ದಳಗಳು ಬುಡದಲ್ಲಿ ಕೂಡಿ ತುತ್ತೂರಿಯಾಗಿರುತ್ತವೆ. ಹೂವಿಲ್ಲದಾಗ ತೊಗಟೆ ಗಮನಿಸಿ: ಚೆರ್ರಿಯದು ನುಣುಪು, ಹೊಳಪು, ಮೇಲೆ ಅಡ್ಡಗೆರೆಗಳು. ಎಲೆಯಂಚು ಗರಗಸ.

ಇನ್ನು ಚೆರ್ರಿ ಹೂವಿನ ಫೋಟೊ ತೆಗೆಯುವ ಮಾತು. ಅದು ಹೆಚ್ಚಾಗಿ ಕೆಡುವುದು ಮೋಡ ಕವಿದ ದಿನ. ಬಿಳಿ ಆಕಾಶದ ಬೆಳಕನ್ನೇ ಅಳೆಯುವ ಕ್ಯಾಮೆರಾ ಹೂವನ್ನು ಮಂಕಾಗಿಸುತ್ತದೆ. ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು) ಒಂದು ಸ್ಟಾಪ್‌ನಷ್ಟು, ಅಂದರೆ ಎರಡು ಪಟ್ಟು, ಏರಿಸಿ. ಹಿಂದೆ ಪೈನ್ ಮರಗಳ ಕಡುಹಸಿರು ಇದ್ದರೆ ಸ್ವಲ್ಪ ಇಳಿಸಿ, ಇಲ್ಲವಾದರೆ ತಿಳಿಗುಲಾಬಿ ದಳಗಳು ಬರೀ ಬಿಳಿಯಾಗಿ ಕಾಣುತ್ತವೆ. ಗಾಳಿಯಿದ್ದರೆ ಶಟರ್ ವೇಗ 1/500 ಸೆಕೆಂಡ್ ಇರಲಿ. ಹತ್ತಿರದ ಚಿತ್ರಕ್ಕೆಂದು ಕೊಂಬೆ ಬಗ್ಗಿಸುವುದಂತೂ ಬೇಡವೇ ಬೇಡ, ದಳಗಳು ಸುಲಭವಾಗಿ ಉದುರುತ್ತವೆ.

ಪತ್ರಿಕೆಗಳೂ ಚಿತ್ರದ ಅಡಿಬರಹದಲ್ಲಿ ಮರದ ಸರಿಯಾದ ಹೆಸರನ್ನೇ ಕೊಡಲಿ.

– ಸಸ್ಯಾಸಕ್ತ ಓದುಗರು, ಬೆಂಗಳೂರು