ಏಪ್ರಿಲ್‌ನ ಬಜೆಟ್ ಅಹವಾಲಿಗೆ ನಾವೂ ಹೋಗೋಣ

ಪ್ರಿಯ ಪೋಷಕರೇ,

ನಮಸ್ಕಾರ. ಈ ಸಲದ ಪತ್ರದಲ್ಲಿ ಕಾಗುಣಿತ, ಪರೀಕ್ಷೆ, ಯುಗಾದಿ ಕಾರ್ಯಕ್ರಮದ ಸುದ್ದಿ ಇಲ್ಲ. ವರ್ಜೀನಿಯಾದ ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯ ಬಜೆಟ್ ಬಗ್ಗೆ, ಅದರ ಅಹವಾಲಿನ, ಅಂದರೆ ಜನರ ಮಾತು ಕೇಳುವ ಸಭೆಯ ಬಗ್ಗೆ ಬರೆಯುತ್ತಿದ್ದೇನೆ. ಶನಿವಾರದ ಕನ್ನಡ ಕ್ಲಾಸಿಗೂ ಇದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಮಕ್ಕಳು ನಮ್ಮ ಹತ್ತಿರ ಇರುವುದು ವಾರಕ್ಕೆ ಎರಡು ಗಂಟೆ. ಸೋಮವಾರದಿಂದ ಶುಕ್ರವಾರದವರೆಗೆ ಅವರಲ್ಲಿ ಹೆಚ್ಚಿನವರು ಕೌಂಟಿಯ ಶಾಲೆಗಳಲ್ಲೇ ಇರುತ್ತಾರೆ. ನಾವು ಬಾಡಿಗೆಗೆ ಪಡೆದು ಕ್ಲಾಸು ನಡೆಸುವ ಕೋಣೆಗಳೂ ಅಂಥ ಒಂದು ಶಾಲೆಯವೇ.

ನಮ್ಮಲ್ಲಿ ಬಹಳ ಜನ ಕರ್ನಾಟಕದಲ್ಲಿ ಓದಿ ಬಂದವರು. ಅಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಪಂಚಾಯಿತಿಗೆ ಕಟ್ಟುವ ಮನೆ ಕಂದಾಯ ಏರಿದರೂ ಇಳಿದರೂ ಅವರ ಸಂಬಳಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಜುಲೈನಲ್ಲಿ ಮತ್ತು ಡಿಸೆಂಬರಿನಲ್ಲಿ ಎರಡು ಕಂತಾಗಿ ಕಟ್ಟುವ ಪ್ರಾಪರ್ಟಿ ಟ್ಯಾಕ್ಸೇ ನಿಮ್ಮ ಮಗುವಿನ ಟೀಚರಿನ ಸಂಬಳದ ದೊಡ್ಡ ಪಾಲು. ಕೌಂಟಿಯ ಸಾಮಾನ್ಯ ನಿಧಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಣ ಶಾಲೆಗಳಿಗೇ ಹೋಗುತ್ತದೆ.

ಯಾರ ಕೈಯಲ್ಲಿ ಏನಿದೆ ಅನ್ನುವುದು ಗೊತ್ತಿರಬೇಕು. ನಾವು ಚುನಾಯಿಸುವ 12 ಜನರ ಸ್ಕೂಲ್ ಬೋರ್ಡ್ ಶಾಲೆಗಳನ್ನು ನಡೆಸುತ್ತದೆ. ಆದರೆ ವರ್ಜೀನಿಯಾದಲ್ಲಿ ಸ್ಕೂಲ್ ಬೋರ್ಡಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ತೆರಿಗೆ ದರ ಗೊತ್ತು ಮಾಡುವುದು ಕೌಂಟಿಯ ಆಡಳಿತ ಮಂಡಳಿ, ಅಂದರೆ 10 ಜನರ ಬೋರ್ಡ್ ಆಫ್ ಸೂಪರ್‌ವೈಸರ್ಸ್. ಸ್ಕೂಲ್ ಬೋರ್ಡ್ ಇಷ್ಟು ಬೇಕು ಅಂತ ಕೇಳುತ್ತದೆ, ಸೂಪರ್‌ವೈಸರ್‌ಗಳು ಇಷ್ಟು ಕೊಡುತ್ತೇವೆ ಅನ್ನುತ್ತಾರೆ. 2025ರಲ್ಲಿ ಕೇಳಿದಷ್ಟು ಸಿಗಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ಜಾಸ್ತಿ ಆದರು ಅಂತ ನಾವು ಪ್ರಿನ್ಸಿಪಾಲರ ಹತ್ತಿರ ಹೇಳಿಕೊಳ್ಳುತ್ತೇವೆ. ಪಾಪ, ಅವರ ಕೈಯಲ್ಲಿ ಏನಿದೆ? ಆ ಮಾತು ಸೂಪರ್‌ವೈಸರ್‌ಗಳ ಕಿವಿಗೆ ಬೀಳಬೇಕು.

ರಾಜ್ಯ ಸರ್ಕಾರ ಯಾಕೆ ಕೊಡಬಾರದು ಅಂತ ಅನ್ನಿಸುತ್ತದೆ, ಅಲ್ವಾ? ಕೊಡುತ್ತದೆ, ಆದರೆ ಸಾಲದು. ಆಸ್ತಿಯ ಬೆಲೆ, ಜನರ ಆದಾಯ, ಅಂಗಡಿ ವ್ಯಾಪಾರ ಇವನ್ನು ನೋಡಿ ರಾಜ್ಯವು ಯಾವ ಕೌಂಟಿ ಎಷ್ಟು ಹೊರಬಲ್ಲದು ಅಂತ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಫೇರ್‌ಫ್ಯಾಕ್ಸ್ ಉಳ್ಳವರ ಪಟ್ಟಿಯಲ್ಲಿದೆ, ಹಾಗಾಗಿ ಹೆಚ್ಚಿನ ಭಾರ ನಮ್ಮ ಮೇಲೇ. ಇಡೀ ವರ್ಜೀನಿಯಾದಲ್ಲಿ ಒಬ್ಬ ವಿದ್ಯಾರ್ಥಿಗೆ ಸಿಗುವ ಹಣ 50 ರಾಜ್ಯಗಳ ಸರಾಸರಿಗಿಂತ ಶೇ. 14ರಷ್ಟು ಕಡಿಮೆ ಅಂತ ರಾಜ್ಯದ್ದೇ ಪರಿಶೀಲನಾ ಸಂಸ್ಥೆ ಜೆಎಲ್‌ಎಆರ್‌ಸಿ 2023ರಲ್ಲಿ ವರದಿ ಕೊಟ್ಟಿತು.

ಈಗ ನಮ್ಮ ಮನೆ ಬಿಲ್ಲಿಗೆ ಬರೋಣ. 2025ರಲ್ಲಿ ತೆರಿಗೆ ದರ ಮನೆ ಬೆಲೆಯ ಪ್ರತಿ 100 ಡಾಲರಿಗೆ 1.125 ಡಾಲರಿನಿಂದ 1.1225ಕ್ಕೆ ಇಳಿಯಿತು. ಆದರೂ ಬಹಳ ಜನರ ಬಿಲ್ಲು ಏರಿತು, ಯಾಕೆಂದರೆ ಮನೆಯ ಅಂದಾಜು ಬೆಲೆ ಏರಿತ್ತು. 7 ಲಕ್ಷ ಡಾಲರಿನ ಮನೆಗೆ ಆ ದರದಲ್ಲಿ ವರ್ಷಕ್ಕೆ 7,857 ಡಾಲರ್ ಚಿಲ್ಲರೆ. ದರ ಒಂದು ಸೆಂಟು ಹೆಚ್ಚಾದರೆ ಅದೇ ಮನೆಗೆ ವರ್ಷಕ್ಕೆ 70 ಡಾಲರ್ ಜಾಸ್ತಿ. ಆ ಒಂದು ಸೆಂಟಿನಿಂದ ಇಡೀ ಕೌಂಟಿಗೆ 3 ಕೋಟಿ ಡಾಲರಿಗೂ ಮೀರಿ ಬರುತ್ತದೆ. ಅಹವಾಲಿನಲ್ಲಿ ಗಂಟೆಗಟ್ಟಲೆ ವಾದ ನಡೆಯುವುದು ಈ ಸೆಂಟುಗಳ ಮೇಲೆಯೇ.

ನಾನು ಕೂತು ಕೇಳಿದ ಒಂದು ಅಹವಾಲು ಇನ್ನೂ ತಲೆಯಲ್ಲಿದೆ. ನಿವೃತ್ತರಾದ ಒಬ್ಬರು ತೆರಿಗೆ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ತಂದಿದ್ದರು. ಮೈಕಿನ ಮುಂದೆ ಬಿಡಿಸಿ, ವರ್ಷ ವರ್ಷದ ಮೊತ್ತ ಓದಿದರು. ಮಕ್ಕಳನ್ನು ಬೆಳೆಸಿದ ಮನೆಯನ್ನು ತೆರಿಗೆಗಾಗಿ ಮಾರಬೇಕಾ ಅಂತ ಕೇಳಿದರು. ಅವರ ಹಿಂದೆಯೇ ಬಂದವರು ವಿಶೇಷ ಅಗತ್ಯದ ಮಕ್ಕಳ ತರಗತಿಯಲ್ಲಿ ಸಹಾಯಕಿ. ಈ ಕೌಂಟಿಯಲ್ಲಿ ಬಾಡಿಗೆ ಕಟ್ಟಲಾಗದೆ ದೂರದಿಂದ ಬರುತ್ತಾರೆ, ವಾರಾಂತ್ಯದಲ್ಲಿ ಇನ್ನೊಂದು ಕೆಲಸ. ಸಮಯ ಮುಗಿದಾಗ ಅವರ ಮಾತು ಅರ್ಧಕ್ಕೇ ನಿಂತಿತು. ಇಬ್ಬರೂ ನಿಜವನ್ನೇ ಹೇಳಿದರು. ಅವತ್ತು ಎಷ್ಟೋ ಜನ ಮಾತಾಡಿದರು, ನಾನು ಕೂತಿದ್ದಷ್ಟು ಹೊತ್ತು ನಮ್ಮವರು ಒಬ್ಬರೂ ಕಾಣಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೆ.

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಒಳ್ಳೆ ಟೀಚರುಗಳು ಉಳಿಯುವುದಾದರೆ ಒಂದೆರಡು ಸೆಂಟು ಹೆಚ್ಚು ಕೊಡಲು ನಾನು ತಯಾರಿದ್ದೇನೆ. ಅದೇ ಉಸಿರಿನಲ್ಲಿ ವಯಸ್ಸಾದವರ ಪರವಾಗಿಯೂ ಕೇಳಬೇಕು. 65 ದಾಟಿದವರಿಗೆ, ಶಾಶ್ವತ ಅಂಗವೈಕಲ್ಯ ಇರುವವರಿಗೆ ಕೌಂಟಿಯಲ್ಲಿ ತೆರಿಗೆ ರಿಯಾಯಿತಿ ಇದೆ. ಆದಾಯಕ್ಕೂ ಆಸ್ತಿಗೂ ಮಿತಿ ಇಟ್ಟಿದ್ದಾರೆ. ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ತಿಳಿಸಿ, ಅರ್ಜಿ ತುಂಬಲು ಕೈ ಜೋಡಿಸಿ.

ತೆರಿಗೆ ಬೇಡವೇ ಬೇಡ ಅನ್ನುವವರೂ ನಮ್ಮಲ್ಲಿದ್ದಾರೆ. ಕೋವಿಡ್ ನಂತರ ಆಫೀಸ್ ಕಟ್ಟಡಗಳು ಖಾಲಿ ಬಿದ್ದು ಅವುಗಳ ಬೆಲೆ ಕುಸಿಯಿತು, ಮನೆಗಳ ಮೇಲೆ ಹೊರೆ ಹೆಚ್ಚಿತು ಅನ್ನುವ ಅವರ ಮಾತು ಸರಿಯಾಗಿಯೇ ಇದೆ. 2016ರಲ್ಲಿ ಮತದಾರರು ಹೋಟೆಲ್ ಊಟದ ತೆರಿಗೆಯನ್ನು ತಿರಸ್ಕರಿಸಿದ್ದರು. 2025ರಲ್ಲಿ ಸೂಪರ್‌ವೈಸರ್‌ಗಳ ಬೋರ್ಡೇ ಶೇ. 4ರ ತೆರಿಗೆಗೆ ಒಪ್ಪಿಗೆ ಕೊಟ್ಟಿತು, 2026ರ ಜನವರಿ 1ರಿಂದ ಜಾರಿ. ಮನೆಗಳ ಮೇಲಿನ ಭಾರ ತಗ್ಗಿಸಲು ಇದು ಒಂದು ದಾರಿ ಅನ್ನುವುದು ಬೋರ್ಡಿನ ವಾದ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಅಲ್ಲಿ ಹೇಳಿ. ನಾನು ಯಾರಿಗೂ ಹೀಗೇ ಮಾತಾಡಿ ಅನ್ನುವುದಿಲ್ಲ. ಸುಮ್ನೆ ಮನೆಯಲ್ಲಿ ಕೂರಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಎಚ್-1ಬಿ ವೀಸಾದಲ್ಲಿ ಇದ್ದೇವೆ, ಬಾಡಿಗೆ ಮನೆ, ನಾವ್ಯಾಕೆ ಅನ್ನುವವರಿಗೆ ಒಂದು ಮಾತು. ನಿಮ್ಮ ಮಾಲೀಕರು ಕಟ್ಟುವ ತೆರಿಗೆ ನಿಮ್ಮ ಬಾಡಿಗೆಯಲ್ಲೇ ಸೇರಿದೆ. ಮಾತಾಡಲು ಪೌರತ್ವ ಬೇಕಿಲ್ಲ.

ಫೆಬ್ರವರಿಯಲ್ಲಿ ಕರಡು ಬಜೆಟ್ ಬರುತ್ತದೆ. ಸೂಪರ್‌ವೈಸರ್‌ಗಳು ಪ್ರಕಟಿಸುವ ತೆರಿಗೆ ದರ ಒಂದು ಮಿತಿ ಇದ್ದ ಹಾಗೆ. ಆಮೇಲೆ ಇಳಿಸಬಹುದು, ಏರಿಸುವಂತಿಲ್ಲ. ಏಪ್ರಿಲ್‌ನಲ್ಲಿ ಗವರ್ನಮೆಂಟ್ ಸೆಂಟರಿನಲ್ಲಿ ಅಹವಾಲು, ಮೇ ತಿಂಗಳಲ್ಲಿ ಕೊನೆಯ ತೀರ್ಮಾನ, ಜುಲೈ 1ಕ್ಕೆ ಹೊಸ ಲೆಕ್ಕ ಶುರು. ಹೆಸರನ್ನು ಮೊದಲೇ ಕೊಡುವುದು ಒಳ್ಳೆಯದು. ಹೋಗಲಾಗದವರು ಬರೆದೂ ಕಳಿಸಬಹುದು. ಮಾತಾಡಲು ಸಿಗುವುದು ಕೆಲವೇ ನಿಮಿಷ. ಒಂದೇ ವಿಷಯ ಹಿಡಿಯಿರಿ, ನಿಮ್ಮ ಮಗುವಿನ ಶಾಲೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳಿ, ಏನು ಬೇಕು ಅಂತ ನೇರವಾಗಿ ಕೇಳಿ.

ಮುಂದಿನ ಶನಿವಾರ ಕ್ಲಾಸು ಮುಗಿದ ಮೇಲೆ ಅರ್ಧ ಗಂಟೆ ಕೂರೋಣ. ಮನೆಯ ತೆರಿಗೆ ಬಿಲ್ಲು ತನ್ನಿ, ಒಟ್ಟಿಗೆ ಓದೋಣ. ಮಾತಾಡುವ ಮನಸ್ಸಿರುವವರು ಏನು ಹೇಳಬೇಕು ಅಂತ ನಾಲ್ಕು ಸಾಲು ಗೀಚಿಕೊಂಡು ಬನ್ನಿ. ಮಕ್ಕಳನ್ನು ಅಷ್ಟು ಹೊತ್ತು ದೊಡ್ಡ ತರಗತಿಯ ಹುಡುಗರು ನೋಡಿಕೊಳ್ಳುತ್ತಾರೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಶನಿವಾರದ ಕನ್ನಡ ತರಗತಿಗಳು