ತಾರೀಖು ಮೊದಲಾ, ತಿಂಗಳು ಮೊದಲಾ?

ಮಾನ್ಯ ಸಂಪಾದಕರೇ,

ನಾನು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕ ನೋಡಿಕೊಳ್ಳುವವನು. ಕಳೆದ ಜುಲೈನಲ್ಲಿ ನಮ್ಮ ಬಿಲ್ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರ್‌ಗೆ ಹಾಕಿಸಿದೆವು. ತಿಂಗಳ ಕೊನೆಗೆ ಮುಳಬಾಗಿಲು ಕಡೆಯ ರೈತರೊಬ್ಬರು ಬಂದು, ‘ಮೂರನೇ ತಾರೀಖು 62 ಬಾಕ್ಸ್ ಹಾಕಿದ್ನಲ್ಲಪ್ಪಾ, ಅದರ ದುಡ್ಡೇ ಬಂದಿಲ್ಲ’ ಅಂದರು. ನಾವು ಕೊಟ್ಟ ಬಿಲ್ಲು, ಅಂದರೆ ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ 03/07 ಅಂತ ಸರಿಯಾಗೇ ಇತ್ತು. ಜುಲೈ ಲೆಕ್ಕ ತೆಗೆದರೆ ಅವತ್ತಿನ ವ್ಯಾಪಾರವೇ ಇಲ್ಲ! ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಮಾರ್ಚ್ 7ರಲ್ಲಿ.

ಕಂಪ್ಯೂಟರ್‌ನ ಸೆಟ್ಟಿಂಗ್ ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು ಬರೆಯುತ್ತಾರೆ, ನಾವು ತಾರೀಖು ಮೊದಲು. ಹಾಗಾಗಿ ಜುಲೈ 1 ಹೋಗಿ ಜನವರಿ 7 ಆಗಿತ್ತು, ಜುಲೈ 12 ಹೋಗಿ ಇನ್ನೂ ಬಾರದ ಡಿಸೆಂಬರ್ 7. ಹೇಗೆ ಓದಿದರೂ ಒಂದೇ ಅನ್ನೋ ಕಾರಣಕ್ಕೆ 7ನೇ ತಾರೀಖೊಂದು ಜಾಗದಲ್ಲೇ ಉಳಿದಿತ್ತು. 13ರಿಂದ ಮುಂದಕ್ಕೆ ಎಲ್ಲ ಸರಿ, ಯಾಕೆಂದರೆ 13ನೇ ತಿಂಗಳು ಅಂತ ಇಲ್ಲ ಅಲ್ವಾ, ಸಾಫ್ಟ್‌ವೇರ್ ಯಾರನ್ನೂ ಕೇಳದೆ ತಾನೇ ತಿರುಗಿಸಿ ಓದಿಕೊಂಡಿದೆ. ನನಗೆ ಸಿಟ್ಟು ಬಂದಿದ್ದು ಇಲ್ಲೇ. 13ನೇ ತಾರೀಖು ‘ಇದು ತಪ್ಪು’ ಅಂತ ನಿಂತಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆ ರೈತರು ಪಟ್ಟಿ ಜೋಪಾನ ಮಾಡಿದ್ದರು, ದುಡ್ಡು ಕೊಟ್ಟೆವು. ಕಳೆದುಕೊಂಡವರು ಏನು ಮಾಡಬೇಕಿತ್ತು?

ಸಾಫ್ಟ್‌ವೇರ್ ಮಾಡಿಕೊಡುವವರಿಗೆ ನನ್ನ ವಿನಂತಿ. ಡೇಟಾಬೇಸ್ ಒಳಗೆ, ಅಂದರೆ ಕಂಪ್ಯೂಟರ್ ಲೆಕ್ಕ ಕೂಡಿಡುವ ಕಡೆಗೆ, 2024-07-03 ಅಂತ, ವರ್ಷ ಮೊದಲಿಟ್ಟು ಕಳಿಸಿ. ಐಎಸ್ಒ 8601 ಅನ್ನೋ ಅಂತರರಾಷ್ಟ್ರೀಯ ನಿಯಮ ಇದಕ್ಕೇ ಇದೆ, 1988ರಿಂದಲೇ ಇದೆ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ತಾರೀಖು ಓದುವ ಕ್ರಮಕ್ಕೆ ಡೇಟ್‌ಸ್ಟೈಲ್ ಅಂತ ಸೆಟ್ಟಿಂಗೇ ಕೊಟ್ಟಿದ್ದಾರೆ, ಅದನ್ನು ದಿನ-ತಿಂಗಳು-ವರ್ಷಕ್ಕೆ ಬದಲಿಸಲು ಒಂದು ನಿಮಿಷ ಸಾಕು. ಪಟ್ಟಿಯಲ್ಲಿ ಮಾತ್ರ ‘3 ಜುಲೈ’ ಅಂತ ಅಕ್ಷರದಲ್ಲೇ ಬರಲಿ.

ಮೊತ್ತದ್ದೂ ಹೀಗೇ. ನಾವು 1,25,000 ಅಂತ ಬರೆಯುತ್ತೇವೆ. ಕಾಮಾದಿಂದ ಬೇರ್ಪಡಿಸುವ ಸಿಎಸ್‌ವಿ ಫೈಲಿಗೆ ಅದನ್ನು ಹಾಗೇ ಸುರಿದರೆ 1 ಒಂದು ಕಾಲಂ, 25 ಇನ್ನೊಂದು, 000 ಮತ್ತೊಂದು ಆಗುತ್ತದೆ. ಜರ್ಮನಿಯವರಿಗಂತೂ ಕಾಮಾ ಅಂದರೆ ನಮ್ಮ ದಶಮಾಂಶದ ಚುಕ್ಕಿ. ಒಳಗೆ 125000 ಇರಲಿ, ಕಾಮಾ ತೋರಿಸುವಾಗ ಹಾಕಿದರೆ ಸಾಕು.

ಮಂಡಿ, ಹಾಲಿನ ಡೇರಿ, ಸೊಸೈಟಿ, ಎಲ್ಲೇ ಆಗಲಿ, ಹೊಸ ಕಂಪ್ಯೂಟರ್ ಹಾಕಿಸಿದ್ದರೆ ತಿಂಗಳ ಮೊದಲ 12 ದಿನದ ಲೆಕ್ಕವನ್ನು ಪಟ್ಟಿ ಜೊತೆ ಒಂದು ಸಲ ತಾಳೆ ನೋಡಿ.

– ಮಂಡಿ ಲೆಕ್ಕದವ, ಕೋಲಾರ