ಬೆಂಚಿನ ಲೆಕ್ಕ, ತಂಡದ ರಾಜಕೀಯ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಬ್ಯಾಸ್ಕೆಟ್‌ಬಾಲ್ ಟೂರ್ನಿ ಮುಗಿಸಿ ಬರುವ ಮಕ್ಕಳ ಬಾಯಲ್ಲಿ ಸ್ಕೋರಿಗಿಂತ ಮೊದಲು ಬರುವ ಮಾತು ‘ಟೀಮ್‌ನಲ್ಲಿ ಪಾಲಿಟಿಕ್ಸ್ ಇದೆ’ ಅನ್ನುವುದು. ಹೆತ್ತವರ ಬಾಯಲ್ಲಂತೂ ಇನ್ನೂ ಬೇಗ ಬರುತ್ತದೆ. ಇಲ್ಲ ಅನ್ನುವುದಿಲ್ಲ, ಇರುತ್ತದೆ. ಆದರೆ ಆ ಹೆಸರಿನಲ್ಲಿ ನಾವು ಗೊಣಗುವುದರಲ್ಲಿ ಬಹುಪಾಲು ಬರೀ ಲೆಕ್ಕಾಚಾರ. ಯಾವುದು ಲೆಕ್ಕ, ಯಾವುದು ರಾಜಕೀಯ ಅಂತ ಬೇರ್ಪಡಿಸಲು ಬಾರದಿದ್ದರೆ ಎರಡಕ್ಕೂ ಒಂದೇ ಮದ್ದು ಅರೆಯುತ್ತಾ ಕೂರಬೇಕಾಗುತ್ತದೆ.

ಮೊದಲು ಲೆಕ್ಕ. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಪಂದ್ಯ ಅಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್. ಅಂಗಳದಲ್ಲಿ ಐವರು. ಕೋಚ್ ಹಂಚಬಹುದಾದ ಒಟ್ಟು ಗಂಟು 200 ನಿಮಿಷ. ಪಟ್ಟಿಯಲ್ಲಿ 12 ಜನ ಇದ್ದು, ಸಮವಾಗಿ ಹಂಚಿದರೆ ತಲಾ 16 ನಿಮಿಷ 40 ಸೆಕೆಂಡ್. ಮೊದಲ ಐವರಿಗೆ ತಲಾ 30 ನಿಮಿಷ ಕೊಟ್ಟರೆ 150 ಖರ್ಚು. ಉಳಿದ 50 ನಿಮಿಷಕ್ಕೆ ಏಳು ಜನ, ಒಬ್ಬೊಬ್ಬರಿಗೆ ಏಳು ನಿಮಿಷ ಚಿಲ್ಲರೆ. ಮಕ್ಕಳ ಟೂರ್ನಿಯಲ್ಲಿ ದಿನಕ್ಕೆ ಹೆಚ್ಚು ಪಂದ್ಯ ತುರುಕಲು ಕ್ವಾರ್ಟರ್ ಅನ್ನು 8 ನಿಮಿಷಕ್ಕೆ ಇಳಿಸಿದರೆ ಗಂಟು 160ಕ್ಕೆ ಕುಗ್ಗುತ್ತದೆ, ಪೆಟ್ಟು ಬೀಳುವುದು ಬೆಂಚಿನ ಕೊನೆಯ ನಾಲ್ಕೈದು ಹುಡುಗಿಯರಿಗೆ. ಹನ್ನೆರಡು ಮನೆಯವರಿಗೂ ‘ನಿಮ್ಮ ಮಗಳಿಗೆ ಸಾಕಷ್ಟು ಆಟ ಸಿಗುತ್ತದೆ’ ಎಂದು ಮಾತು ಕೊಟ್ಟ ಕೋಚ್ ಈ ಭಾಗಾಕಾರ ಮಾಡಿಲ್ಲ, ಇಲ್ಲವೇ ಮಾಡಿಯೂ ಬಾಯಿ ಬಿಟ್ಟಿಲ್ಲ. ತಂಡ ಸೇರುವ ಮೊದಲೇ ಕೇಳಿಬಿಡು: ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ, ಲೀಗ್ ಹಂತದಲ್ಲಿ ಎಲ್ಲರನ್ನೂ ಇಳಿಸುತ್ತೀರಾ, ನಾಕೌಟ್‌ನಲ್ಲಿ ಏನು ಮಾಡುತ್ತೀರಿ? ಸೇರಿದ ಮೇಲೆ ಕೇಳಿದರೆ ಅದೇ ಪ್ರಶ್ನೆ ಜಗಳದಂತೆ ಕೇಳಿಸುತ್ತದೆ.

ಫೌಲ್‌ಗಳೂ ಈ ಲೆಕ್ಕದೊಳಗೇ ಬರುತ್ತವೆ. ಐದನೇ ಫೌಲ್‌ಗೆ ಆಟಗಾರ್ತಿ ಹೊರಗೆ. ಹಾಗಾಗಿ ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಮಾಡಿದವಳನ್ನು ಕೂರಿಸುವುದು ಶಿಕ್ಷೆಯಲ್ಲ, ಅವಳನ್ನು ಕೊನೆಯ ಕ್ವಾರ್ಟರ್‌ಗೆ ಕಾಪಿಟ್ಟುಕೊಳ್ಳುವ ಉಪಾಯ. ಇನ್ನೊಂದು, ಗ್ಯಾಲರಿಯಲ್ಲಿ ಕೂತವರಿಗೆ ಕಾಣದ ಸಂಗತಿ. ನಿನ್ನನ್ನು ಬದಲಿಯಾಗಿ ಟೇಬಲ್ ಪಕ್ಕದ ಕುರ್ಚಿಗೆ ಕಳಿಸಿರುತ್ತಾರೆ, ಎರಡು ಮೂರು ನಿಮಿಷವಾದರೂ ಒಳಗೆ ಬಿಟ್ಟಿರುವುದಿಲ್ಲ. ‘ಬೇಕಂತಲೇ ಕಾಯಿಸುತ್ತಿದ್ದಾರೆ’ ಎಂದು ಮೇಲಿನಿಂದ ಗುಸುಗುಸು ಶುರು. ಚೆಂಡು ಡೆಡ್ ಆಗಿ (ಅಂದರೆ ಆಟ ನಿಂತು), ಗಡಿಯಾರವೂ ನಿಂತು, ರೆಫರಿ ಟೇಬಲ್‌ಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದ ಮೇಲಷ್ಟೇ ಬದಲಾವಣೆಗೆ ಅವಕಾಶ. ಬ್ಯಾಸ್ಕೆಟ್ ಬಿದ್ದರೂ, ನಾಲ್ಕನೇ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷ ಬಿಟ್ಟರೆ, ಗಡಿಯಾರ ಓಡುತ್ತಲೇ ಇರುತ್ತದೆ. ಸೀಟಿ ಬೀಳದೆ ಆಟ ಹರಿಯುತ್ತಿದ್ದರೆ, ಟೈಮ್‌ಔಟ್ ಖರ್ಚು ಮಾಡದೆ ಕೋಚ್ ಏನೂ ಮಾಡುವಂತಿಲ್ಲ. ನಿನ್ನ ಕೈಯಲ್ಲಿರುವುದು ಇಷ್ಟು: ಜಾಕೆಟ್ ತೆಗೆದಿರಲಿ, ಲೇಸ್ ಬಿಗಿಯಾಗಿರಲಿ, ಎದುರಾಳಿಗಳಲ್ಲಿ ನಿನ್ನ ಪಾಲಿಗೆ ಬರುವವಳ ನಂಬರ್ ತಿಳಿದಿರಲಿ. ಕೋಚ್ ಬೆಂಚಿನತ್ತ ತಿರುಗಿದಾಗ ಶೂ ಹುಡುಕುತ್ತಿದ್ದರೆ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ.

ಈಗ ದೊಡ್ಡ ಅಂತರದ ಗೆಲುವಿನ ವಿಷಯ. ದುರ್ಬಲ ತಂಡದ ಮೇಲೆ 30 ಅಂಕ ಮುಂದಿದ್ದರೂ ಮೊದಲ ಐವರನ್ನೇ ಆಡಿಸುತ್ತಾ, ‘ಗುಂಪಿನಲ್ಲಿ ಅಂಕಗಳ ಅಂತರ ಬೇಕಾಗುತ್ತದೆ’ ಎನ್ನುವ ಕೋಚ್‌ಗಳಿದ್ದಾರೆ. ಫಿಬಾ ಪದ್ಧತಿಯಲ್ಲಿ ಗೆದ್ದರೆ 2 ಪಾಯಿಂಟ್, ಸೋತರೆ 1, ಪಂದ್ಯ ಬಿಟ್ಟುಕೊಟ್ಟರೆ 0. ಅ, ಬ, ಕ, ಡ ಎಂಬ ನಾಲ್ಕು ತಂಡಗಳ ಗುಂಪಿನಲ್ಲಿ ಡ ಎಲ್ಲರಿಗೂ ಸೋತಿದೆ ಅಂದುಕೋ. ಅ ತಂಡ ಬ ಮೇಲೆ 5 ಅಂಕದಿಂದ, ಬ ತಂಡ ಕ ಮೇಲೆ 12ರಿಂದ, ಕ ತಂಡ ಅ ಮೇಲೆ 3ರಿಂದ ಗೆದ್ದಿವೆ. ಮೂರಕ್ಕೂ 5 ಪಾಯಿಂಟ್. ಆಗ ಎಣಿಕೆಗೆ ಬರುವುದು ಈ ಮೂರು ತಂಡಗಳು ತಮ್ಮತಮ್ಮಲ್ಲೇ ಆಡಿದ ಪಂದ್ಯಗಳು ಮಾತ್ರ: ಬ ಗೆ +7, ಅ ಗೆ +2, ಕ ಗೆ -9. ಬ ಮೊದಲು, ಅ ಎರಡನೆಯದು, ಎರಡೇ ತಂಡ ಮುಂದಕ್ಕೆ ಹೋಗುವುದಾದರೆ ಕ ಮನೆಗೆ. ಡ ಮೇಲೆ ಕ ತಂಡ 50 ಅಂಕದಿಂದ ಗೆದ್ದಿದ್ದರೂ ಅದು ಇಲ್ಲಿ ಮೂರು ಕಾಸಿಗೂ ಬಾರದು. ತಮ್ಮತಮ್ಮಲ್ಲಿನ ಅಂತರ, ಹೊಡೆದ ಅಂಕ ಎರಡೂ ಸಮವಾದರಷ್ಟೇ ಗುಂಪಿನ ಒಟ್ಟು ಅಂತರ ನೋಡುತ್ತಾರೆ. ಕೆಲವು ಟೂರ್ನಿಗಳು ತಮ್ಮದೇ ನಿಯಮ ಬರೆದುಕೊಂಡಿರುತ್ತವೆ, ಆ ಹಾಳೆಯನ್ನು ಮೊದಲ ದಿನವೇ ಓದು. ಹಾಳೆಯಲ್ಲಿ ಫಿಬಾ ಕ್ರಮವೇ ಇದ್ದು, 30 ಅಂಕದ ಮುನ್ನಡೆಯಲ್ಲೂ ಬೆಂಚ್ ಏಳದಿದ್ದರೆ ಅದು ಲೆಕ್ಕವಲ್ಲ. ನನ್ನ ಮಟ್ಟಿಗೆ ಅದು ಕೋಚ್‌ನ ತಪ್ಪು. ಬೆಂಚಿನ ಹುಡುಗಿಯರು ಕಲಿಯುವುದೇ ಆ ಹತ್ತು ನಿಮಿಷಗಳಲ್ಲಿ.

ಆಯ್ಕೆ ಟ್ರಯಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಶಾಟ್ ಹೊಡೆದು ತೋರಿಸಲು ನೋಡುತ್ತಾರೆ. ಆರಿಸುವವರು ನೋಡುವುದು ಚೆಂಡು ಕೈತಪ್ಪಿದ ಮರುಕ್ಷಣ ಯಾರು ಹಿಂದಕ್ಕೆ ಓಡಿದರು, ಡಿಫೆನ್ಸ್‌ನಲ್ಲಿ ಯಾರ ಬಾಯಿ ಓಡುತ್ತಿದೆ, ಶಾಟ್ ಮೇಲೇರಿದಾಗ ಯಾರು ಎದುರಾಳಿಗೆ ಬೆನ್ನು ಕೊಟ್ಟು ಬಾಕ್ಸ್‌ಔಟ್ ಮಾಡಿದರು, ಎಡಗೈ ಲೇಅಪ್ (ಬ್ಯಾಸ್ಕೆಟ್ ಹತ್ತಿರಕ್ಕೆ ಓಡಿ ಹಾಕುವ ಶಾಟ್) ಬರುತ್ತದೆಯೇ ಎಂಬುದನ್ನು. ತಂಡಕ್ಕೆ ಎತ್ತರದವಳು ಬೇಕಿದ್ದರೆ ನಿನಗಿಂತ ಕಡಿಮೆ ಆಟ ಬಲ್ಲ ಎತ್ತರದವಳೇ ಒಳಗೆ. ಮೈಕೆಲ್ ಜೋರ್ಡನ್‌ನನ್ನು ಶಾಲಾ ತಂಡದಿಂದ ತೆಗೆದುಹಾಕಿದ್ದರು ಎಂಬ ಕಥೆಯನ್ನು ಯಾರಾದರೂ ನಿನಗೆ ಸಮಾಧಾನಕ್ಕೆ ಹೇಳಿಯೇ ಹೇಳುತ್ತಾರೆ. 1978ರಲ್ಲಿ ನಡೆದದ್ದು ಅಷ್ಟು ನಾಟಕೀಯವಲ್ಲ. ಅವನನ್ನು ಕಿರಿಯರ ತಂಡಕ್ಕೆ ಹಾಕಿದರು. ಹಿರಿಯರ ತಂಡಕ್ಕೆ ಅವನ ವಯಸ್ಸಿನವನೇ ಆದ ಲೀರಾಯ್ ಸ್ಮಿತ್‌ನನ್ನು ತೆಗೆದುಕೊಂಡರು, ಅವನು ಎತ್ತರವಿದ್ದ ಎಂಬ ಕಾರಣಕ್ಕೆ. ಕಿರಿಯರ ತಂಡದಲ್ಲಿ ಜೋರ್ಡನ್‌ಗೆ ಸಿಕ್ಕಿದ್ದು ತುಂಬಾ ಆಟ.

ನಿಜವಾದ ರಾಜಕೀಯಕ್ಕೆ ಬೇರೆ ಗುರುತುಗಳಿವೆ. ಒಂದೇ ತಪ್ಪಿಗೆ ಎರಡು ತಕ್ಕಡಿ: ನೀನು ಚೆಂಡು ಕಳೆದುಕೊಂಡರೆ ತಕ್ಷಣ ಬೆಂಚಿಗೆ, ಇನ್ನೊಬ್ಬಳು ಮೂರು ಸಲ ಕಳೆದುಕೊಂಡರೂ ಅಲ್ಲೇ. ಕೋಚ್ ಬಳಿ ದುಡ್ಡು ಕೊಟ್ಟು ಪ್ರತ್ಯೇಕ ತರಬೇತಿಗೆ ಹೋಗುವವರಿಗೇ ನಿಮಿಷಗಳು. ವರ್ಷವಿಡೀ ಅಭ್ಯಾಸಕ್ಕೆ ಬಂದವರನ್ನು ಬಿಟ್ಟು ಟೂರ್ನಿಯ ಹಿಂದಿನ ದಿನ ಹೊರಗಿನಿಂದ ಇಬ್ಬರನ್ನು ತರುವುದು. ಜನ್ಮದಿನಾಂಕ ತಿದ್ದಿ ದೊಡ್ಡವರನ್ನು ಚಿಕ್ಕವರ ವಿಭಾಗದಲ್ಲಿ ಆಡಿಸುವುದು.

ಇವೆಲ್ಲಕ್ಕಿಂತ ನೋಯಿಸುವುದು ಪಾಸ್ ಕೊಡದಿರುವುದು. ಆದರೆ ಆ ಆರೋಪ ಹೊರಿಸುವ ಮೊದಲು ನಿನ್ನ ಜಾಗ ನೋಡಿಕೋ. ನೀನು ಬಲ ವಿಂಗ್‌ನಲ್ಲಿ, ಅಂದರೆ ಅಂಗಳದ ಬಲಬದಿಯಲ್ಲಿ, ನಿಂತು ಕೈ ಎತ್ತಿದ್ದೀಯ. ನಿನ್ನನ್ನು ಕಾಯುವವಳು ಚೆಂಡಿಗೂ ನಿನಗೂ ನಡುವಿನ ಗೆರೆಯಲ್ಲಿ ಒಂದು ಕೈ ಚಾಚಿದ್ದರೆ, ನಿನಗೆ ಅನಿಸುವಷ್ಟು ಖಾಲಿಯಾಗಿ ನೀನು ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್‌ಗೆ ಕಾಣುವುದಿಲ್ಲ. ಬ್ಯಾಸ್ಕೆಟ್ ಕಡೆಗೆ ಎರಡು ಹೆಜ್ಜೆ ನಿಧಾನ ಹೋಗು, ಅವಳು ಹಿಂದೆ ಸರಿದ ಕೂಡಲೇ ಕಾಲು ಊರಿ ರಪ್ಪನೆ ಹೊರಕ್ಕೆ ಬಾ, ಅವಳಿಂದ ದೂರದ ಕೈಯನ್ನು ಗುರಿಯಾಗಿ ತೋರಿಸು, ಚೆಂಡನ್ನು ಎದುರುಗೊಂಡು ಹಿಡಿ. ನಿಂತಲ್ಲೇ ಕಾದರೆ ಪಾಸ್ ಕದಿಯುತ್ತಾರೆ, ಎರಡು ಸಲ ಕದ್ದ ಮೇಲೆ ಯಾವ ಗಾರ್ಡ್ ಕೂಡ ನಿನ್ನತ್ತ ನೋಡುವುದಿಲ್ಲ. ಅದು ಹಗೆತನವಲ್ಲ, ಭಯ. ಹೀಗೆ ಸರಿಯಾಗಿ ಬಿಡಿಸಿಕೊಂಡು ಬಂದ ಮೇಲೂ, ಅದೇ ಜಾಗದಲ್ಲಿ ಇನ್ನೊಬ್ಬಳಿಗೆ ಹೋಗುವ ಪಾಸ್ ನಿನಗೆ ಮಾತ್ರ ಬರದಿದ್ದರೆ, ಹೌದು, ಬೇಕಂತಲೇ ನಿನ್ನನ್ನು ದೂರ ಇಟ್ಟಿದ್ದಾರೆ. ಆಗಲೂ ರೀಬೌಂಡ್‌ಗೆ, ಅಂದರೆ ಗುರಿ ತಪ್ಪಿ ಮರಳುವ ಚೆಂಡಿಗೆ, ಯಾರೂ ಪಾಸ್ ಕೊಡಬೇಕಿಲ್ಲ. ಬೋರ್ಡ್‌ಗೆ ನುಗ್ಗು, ಗಾರ್ಡ್‌ಗೇ ಹೋಗಿ ಸ್ಕ್ರೀನ್ ಹಾಕು, ಅಂದರೆ ಅವಳನ್ನು ಕಾಯುವವಳ ದಾರಿಗೆ ಅಡ್ಡ ನಿಲ್ಲು. ಸ್ಕ್ರೀನ್‌ನಿಂದ ಅವಳು ಒಂದು ಬ್ಯಾಸ್ಕೆಟ್ ಹಾಕಿದರೆ ಮುಂದಿನ ಪಾಸ್ ತಾನಾಗಿ ಬರುವುದುಂಟು.

ಅನ್ಯಾಯ ಅಂತ ಅನಿಸಿದರೆ ನೆನಪನ್ನು ನಂಬಬೇಡ, ಬರೆದಿಡು. ಫಿಬಾ ಸ್ಕೋರ್‌ಶೀಟ್ ಓದಲು ಬಂದರೆ ಅರ್ಧ ಕೆಲಸ ಆದ ಹಾಗೆ. ಒಂದು, ಮೂರನೇ ಕ್ವಾರ್ಟರ್ ಕೆಂಪು ಶಾಯಿಯಲ್ಲಿ, ಎರಡು, ನಾಲ್ಕು ನೀಲಿ ಅಥವಾ ಕಪ್ಪಿನಲ್ಲಿ. ಹೆಸರಿನ ಮುಂದೆ ‘ಎಕ್ಸ್’ ಗುರುತಿಗೆ ಸುತ್ತು ಹಾಕಿದ್ದರೆ ಮೊದಲ ಐವರಲ್ಲಿ ಒಬ್ಬಳು, ಸುತ್ತಿಲ್ಲದಿದ್ದರೆ ಬದಲಿಯಾಗಿ ಇಳಿದವಳು, ಖಾಲಿ ಇದ್ದರೆ ಇಳಿದೇ ಇಲ್ಲ. ಅಂಕದ ಸಾಲಿನಲ್ಲಿ ಓರೆಗೆರೆ ಫೀಲ್ಡ್ ಗೋಲ್ (ಆಟದ ನಡುವೆ ಹಾಕಿದ ಬ್ಯಾಸ್ಕೆಟ್), ತುಂಬಿದ ಚುಕ್ಕೆ ಫ್ರೀ ಥ್ರೋ, ಆಟಗಾರ್ತಿಯ ನಂಬರಿಗೆ ಸುತ್ತು ಇದ್ದರೆ ಮೂರು ಅಂಕದ್ದು. ಎಷ್ಟು ನಿಮಿಷ ಆಡಿದೆ ಎನ್ನುವುದು ಮಾತ್ರ ಅದರಲ್ಲಿ ಇರುವುದಿಲ್ಲ. ಅದನ್ನು ಮೇಲೆ ಕೂತ ನಾನು ಬರೆಯುತ್ತೇನೆ: ಇಳಿದ ಹೊತ್ತು, ಆಗಿನ ಸ್ಕೋರ್, ಹೊರಬಂದ ಹೊತ್ತು, ಆಗಿನ ಸ್ಕೋರ್. ಒಂದು ಪಂದ್ಯದ ಅಂಕಿಯಿಂದ ಏನನ್ನೂ ಸಾಧಿಸಲಾಗದು, ಯಾಕೆಂದರೆ ಜೊತೆಗಿದ್ದ ನಾಲ್ವರು ಯಾರು ಎನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ನಾಲ್ಕೈದು ಪಂದ್ಯವಾದರೆ ಒಂದು ಚಿತ್ರ ಮೂಡುತ್ತದೆ. (ಮಗಳ ಅಂಕ ಮಾತ್ರ ಎಣಿಸಿ, ಅವಳು ಬಿಟ್ಟುಕೊಟ್ಟ ಲೇಅಪ್ ಎಣಿಸದ ಹೆತ್ತವರ ಪಟ್ಟಿಗೆ ಬೆಲೆಯಿಲ್ಲ.)

ಕೋಚ್ ಜೊತೆ ಮಾತು ಪಂದ್ಯದ ದಿನ ಬೇಡ. ಮರುದಿನ ಅಭ್ಯಾಸಕ್ಕೆ ಮುಂಚೆ, ನೀನೇ ಹೋಗು. ‘ನನ್ನನ್ನು ಯಾಕೆ ಆಡಿಸಲಿಲ್ಲ’ ಅಂದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ‘ಹೆಚ್ಚು ಹೊತ್ತು ಆಡಬೇಕಾದರೆ ಯಾವ ಎರಡು ವಿಷಯ ಸರಿ ಮಾಡಿಕೊಳ್ಳಲಿ, ಸರ್?’ ಅಂದರೆ ಉತ್ತರ ಹೇಳಲೇಬೇಕು, ಹೇಳಿದ ಮೇಲೆ ಅದನ್ನು ಅವರೂ ಮರೆಯುವಂತಿಲ್ಲ. ಇನ್ನೊಬ್ಬ ಹುಡುಗಿಯ ಹೆಸರು ನಿನ್ನ ಬಾಯಲ್ಲಿ ಬರಬಾರದು. ಎರಡು ವಾರ ಬಿಟ್ಟು ಅದೇ ಎರಡು ವಿಷಯ ಹಿಡಿದು ಮತ್ತೆ ಕೇಳು. ಬೈಗುಳ, ಮೈಮುಟ್ಟುವುದು, ಗಾಯವಿದ್ದರೂ ಆಡಿಸುವುದು, ದುಡ್ಡಿನ ಮಾತು ಇವುಗಳಿಗೆ ಮಾತ್ರ ಕಾಯಬೇಡ. ಅಂದೇ ನನಗೆ ಹೇಳು, ಅದು ನನ್ನ ಕೆಲಸ.

ರೆಫರಿ ತೀರ್ಪು ತಪ್ಪಾಯಿತೆಂದು ಪ್ರತಿಭಟನೆ ಸಲ್ಲಿಸಲು ಬರುವುದಿಲ್ಲ. ಫಿಬಾ ನಿಯಮ ಒಪ್ಪುವುದು ಸ್ಕೋರ್ ಅಥವಾ ಗಡಿಯಾರದ ತಿದ್ದದ ತಪ್ಪು, ಪಂದ್ಯ ರದ್ದು ಅಥವಾ ಮುಂದೂಡಿಕೆಯ ತೀರ್ಮಾನ, ಅನರ್ಹರನ್ನು ಆಡಿಸಿದ್ದು ಇಂಥವುಗಳನ್ನಷ್ಟೇ. ಪಂದ್ಯ ಮುಗಿದ 15 ನಿಮಿಷದೊಳಗೆ ತಿಳಿಸಬೇಕು. ಸ್ಕೋರ್‌ಶೀಟ್‌ನಲ್ಲಿ ಅದಕ್ಕೆಂದೇ ಸಹಿಯ ಜಾಗವಿದೆ. ಗ್ಯಾಲರಿಯಲ್ಲಿ ಒಂದು ಗಂಟೆ ಕೂಗಾಡಿದವರಿಗೆ ಈ ಹದಿನೈದು ನಿಮಿಷ ಕೈತಪ್ಪಿರುತ್ತದೆ.

ಕೊನೆಯದಾಗಿ ಮೊಣಕಾಲು. ಹಾರಿ ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗಿದರೆ ಎಸಿಎಲ್ ಎಂಬ ಒಳಗಿನ ಲಿಗಮೆಂಟ್ (ಅಸ್ಥಿಬಂಧ) ಹರಿಯುವ ಅಪಾಯ, ಅದು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಎರಡೂ ಕಾಲ ಮೇಲೆ, ಮುಂಗಾಲು ಮೊದಲು ಊರಿ, ಮೊಣಕಾಲು ಪಾದದ ನೇರಕ್ಕೆ ಬಗ್ಗಿಸಿ, ಸದ್ದಾಗದಂತೆ ಇಳಿ. ವಾರ್ಮ್‌ಅಪ್‌ನಲ್ಲಿ ಹತ್ತು ಹದಿನೈದು ನಿಮಿಷ ಇದಕ್ಕೇ ಇರಲಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮತ್ತು ಅಲ್ಲಿನ ರಾಷ್ಟ್ರೀಯ ಸಂಸ್ಥೆ ಯುಎಸ್‌ಎ ಬ್ಯಾಸ್ಕೆಟ್‌ಬಾಲ್ 2016ರಲ್ಲಿ ಹೊರತಂದ ಮಾರ್ಗಸೂಚಿ 14 ವರ್ಷಕ್ಕೆ ಮೊದಲು ಒಂದೇ ಆಟಕ್ಕೆ ಅಂಟಿಕೊಳ್ಳಬೇಡಿ ಅನ್ನುತ್ತದೆ. ದಿನಕ್ಕೆ ಮೂರು ಪಂದ್ಯ ಇಟ್ಟ ಟೂರ್ನಿಗೆ ನಿನ್ನನ್ನು ಕಳಿಸುವುದಿಲ್ಲ ಎಂದು ನಾನು ಹೇಳಿದಾಗ ಸಿಟ್ಟಾಗಬೇಡ.

ಬ್ಯಾಗಿನಲ್ಲಿ ಎರಡೂ ಜೆರ್ಸಿ ಇರಲಿ. ವೇಳಾಪಟ್ಟಿಯಲ್ಲಿ ಮೊದಲು ಹೆಸರಿರುವ ತಂಡಕ್ಕೆ ತಿಳಿಬಣ್ಣ, ಎರಡನೆಯದಕ್ಕೆ ಗಾಢಬಣ್ಣ. ಸಾಕ್ಸ್ ಮೂರು ಜೊತೆ, ಉಗುರು ಇಂದೇ ಕತ್ತರಿಸು.

ನಿನ್ನ
ಅಮ್ಮ